ಹನ್ನೊಂದನೇ ರೀಲು

ರಾತ್ರಿ ಪಾಳಿ. ರಾಯಚೂರಿನ ದವಾಖಾನಿ, ಕಣ್ಣಿನ ವಾರ್ಡು.
ಎರಡು ಗಂಟೆ ಆದರೂ ಗೋಡಿ ಬಿಸಿ ಬಿಟ್ಟಿಲ್ಲ.
ಫ್ಲಾಸ್ಕಿನ ಚಹಾ ತಳ ಕಂಡಾಗ ಶಶಿರೇಖಾ ಕೇಳಿದಳು:
ನಿಮ್ಮ ನಿದ್ದಿ ಕೆಡಿಸಿದ ಸಿನಿಮಾ ಯಾವುದು,
ಹೇಳ್ರಿ ಒಬ್ಬೊಬ್ಬರು.

ಎಸ್ತೇರಮ್ಮ ರಕ್ತದ್ದೊಂದು ಹೇಳಿದಳು, ಮತ್ತೊಂದು ಹೇಳಿದಳು.
ನಕ್ಕಿವಿ.
ರಕ್ತ ನಮಗ ಗೊತ್ತು: ತಣ್ಣೀರಿನಾಗ ನೆನಸಿದರ ಹೋಗ್ತದ,
ಬಿಸಿನೀರಿಗೆ ಹಾಕಿದರ ಕೂತುಬಿಡ್ತದ.
ದೆವ್ವದ ಮಾತು ಬಂದಾಗ ವಾರ್ಡ್ ಬಾಯ್ ಹುಸೇನಪ್ಪ ಅಂದ:
ಹೆಣದ ಕೋಣಿ ಕೀಲಿ ಹದಿನಾಲ್ಕು ವರ್ಷದಿಂದ ನನ್ನ ಕಿಸೆದಾಗ ಅದ,
ಒಂದಿನಾನೂ ಯಾರೂ ಒಳಗಿಂದ ಬಡಿದಿಲ್ಲ.

ನನ್ನ ಸರದಿ.
ನಂದು ನಗೋ ಸಿನಿಮಾ, ಅಂದೆ.

ಮಾನ್ವಿ. ನೂರ್ ಟಾಕೀಸು. ನನಗ ಏಳು ವರ್ಷ.
ನೆಲದ ಟಿಕೀಟು, ಶೇಂಗಾ ಸಿಪ್ಪಿ,
ಬೀಡಿ ಹೊಗಿಯಾಗ ಈಜೋ ಬೆಳಕು.
ಪರದಿ ಮ್ಯಾಲ ಮದುವಿ ಮನಿ, ಕಣ್ಣಾಮುಚ್ಚಾಲೆ ಆಡೋ ಹುಡುಗರು.
ಒಬ್ಬಾಂವ, ಜರಿ ಟೊಪ್ಪಿಗಿಯಾಂವ, ಅಡಗಾಕ ಸಂದೂಕ ಹೊಕ್ಕ.
ಮುಚ್ಚಳ ಬಿತ್ತು. ಚಿಲಕ ತಾನೇ ಕೂತಿತು.
ಎಲ್ಲರೂ ನಕ್ಕರು, ಅಪ್ಪನೂ.
ದಪ್ಪ ಮಾವನೊಬ್ಬ ಬಂದು ಅದರ ಮ್ಯಾಲೇ ಕುಂತು ಲಾಡು ತಿಂದ.
ಮತ್ತಷ್ಟು ನಕ್ಕರು.
ಆಮ್ಯಾಲ ಬಡಿದಾಟ. ಆಮ್ಯಾಲ ಹಾಡು. ತಾಳಿ.
ಶುಭಂ.

ಹುಡುಗನ್ನ ಯಾರೂ ಹುಡುಕಲಿಲ್ಲ.
ಕಡೀಕ ಮನಿ ಮಂದಿ ಎಲ್ಲಾ ಸಾಲಾಗಿ ಫೋಟೋಕ್ಕ ನಿಂತರು,
ಆ ಸಾಲಿನಾಗ ಅವನಿದ್ದನೋ ಏನೋ,
ಮುಂದಿನವರು ಎದ್ದು ನಿಂತು ಮುಚ್ಚಿಬಿಟ್ಟರು.
ಅಪ್ಪ ಕೈ ಹಿಡಿದು ಎಳೆದ: ನಡಿ ಜಲ್ದಿ, ಕವಿತಾಳದ ಬಸ್ಸು.

ಅವತ್ತಿಂದ ಯಾವ ಮುಚ್ಚಳಾನೂ ಪೂರಾ ಮುಚ್ಚಲ್ಲ ನಾನು.
ಅಕ್ಕಿ ಡಬ್ಬಿ, ಕಪಾಟು, ಗಂಡನ ಸೂಟ್‌ಕೇಸು,
ಎಲ್ಲಕ್ಕೂ ಬೆರಳಗಲ ಸಂದು.
ಅಕ್ಕಿಗೆ ಹುಳ ಬೀಳ್ತದ ಅಂತ ಅತ್ತಿ ಬೈದು ಬೈದು
ಸತ್ತೇ ಹೋದಳು.

ಹದಿನೇಳನೇ ಮಂಚದಿಂದ ಕೆಮ್ಮು ಬಂತು.
ಮೋತಿಬಿಂದು ಆಪರೇಷನ್ನಿನ ಲಾಲಸಾಬ.
ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಹೋದದ್ದು.
"ಆ ಹುಡುಗ ಸತ್ತಿಲ್ಲ, ತಾಯಿ," ಅಂದ.
"ಹನ್ನೊಂದನೇ ರೀಲಿನಾಗ ಹೊರಗ ಬರ್ತಾನ.
ಸಂದೂಕದಾಗ ಬೆಲ್ಲದ ಹೆಂಟಿ ಇಟ್ಟಿರ್ತಾರ.
ಮಾರಿ ತುಂಬ ಬೆಲ್ಲ, ಟೊಪ್ಪಿಗಿ ತುಂಬ ಇರುವಿ,
ಕುಣಕೋತ ಬರ್ತಾನ. ಇಡೀ ಸಿನಿಮಾಕ್ಕ ಅದೇ ದೊಡ್ಡ ನಗು."

"ನಾ ನೋಡಿಲ್ಲ."
"ಹೆಂಗ ನೋಡ್ತೀರಿ? ನಾ ಹಚ್ಚಿದ್ದರಲ್ಲಾ!
ನಿಮ್ಮ ಕಡೀ ಬಸ್ಸು ಹತ್ತಕ್ಕ. ಅರ್ಧ ಟಾಕೀಸು ಆ ಹಾದಿಯವರೇ.
ಕರೆಂಟು ಹೋಗಿ ತಡ ಆದ ರಾತ್ರಿ
ಒಂದು ರೀಲು ನುಂಗಬೇಕಾಗ್ತಿತ್ತು.
ಹಾಡು ಬಿಟ್ಟರ ಕುರ್ಚಿ ಮುರೀತಿದ್ದರು, ಬಡಿದಾಟ ಬಿಟ್ಟರ ನನ್ನ.
ಹುಡುಗನ್ನ ಬಿಟ್ಟರ ಒಬ್ಬರೂ ಕೇಳಲಿಲ್ಲ.
ಹನ್ನೆರಡು ದಿನ ಓಡಿತು. ಒಂಬತ್ತು ರಾತ್ರಿ ಹಂಗೇ ತೋರಿಸೀನಿ."

ಎಸ್ತೇರಮ್ಮ ನಗಾಕ ಹೋಗಿ ನಿಂತಳು.
ಒಂಬತ್ತು ರಾತ್ರಿ.
ಕವಿತಾಳದ ಹಾದಿಯ ಊರೂರಿನಾಗ
ಇನ್ನೂ ಯಾರ್ಯಾರ ಮನಿ ಅಕ್ಕಿ ಡಬ್ಬಿ
ಬಾಯಿ ತೆರಕೊಂಡು ಕುಂತದೋ.

ನಮಗ ಬಸ್ಸು ಸಿಕ್ಕಿತ್ತು, ನೆನಪದ.
ಕಿಟಕಿ ಕಡಿ ಸೀಟು, ಅಪ್ಪನ ತೊಡಿ, ಮಾರಿಗೆ ಬಡಿಯೋ ಗಾಳಿ.

ಪಟ್ಟಿ ಬಿಚ್ಚಿ ಹನಿ ಔಷಧ ಹಾಕಿದೆ.
"ಸಿಟ್ಟು ಬಂತೇನು?"
"ಇಲ್ಲ ಬಿಡ್ರಿ. ಕಣ್ಣು ಮುಚ್ಚರಿ."

ಬೆಳಿಗ್ಗೆ ಮನಿಗೆ ಬಂದು ಅಕ್ಕಿ ಡಬ್ಬಿ ಒತ್ತಿ ಮುಚ್ಚಿದೆ,
ಟಪ್ ಅಂತು. ಕಪಾಟು ಮುಚ್ಚಿದೆ. ಮಲಗಿದೆ.
ಬಿಸಿಲು ಏರೋ ಹೊತ್ತಿಗೆ ಎದ್ದು
ಒಂದೊಂದಾಗಿ ಎಲ್ಲಾ ಮತ್ತ ಸಡಿಲ ಮಾಡಿದೆ.

ಬೆಲ್ಲ ತಿನ್ನೋನಿಗೂ ಉಸಿರು ಬೇಕಲ್ಲ.